ಚಿಕ್ಕ ಡಿಸ್ಕಿಗೆ ಹಿಡಿಸದವಳು

ಮೂರನೇ ಏಟಿಗೆ ಶಟರಿನ ಬೀಗ ಕಿತ್ತು ಬಂತು!

ನಾನು ಆಗ ಅಂಗಡಿಯ ಹಿಂದಿನ ಟಾಯ್ಲೆಟ್ ಕಿಟಕಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದ್ದೆ. ಐವತ್ತೆರಡು ವರ್ಷದ ಹೊಟ್ಟೆ, ಮೇಡಂ. ಆ ಕಿಟಕಿ ಮಾಡಿದ ಬಡಗಿಗೆ ಅದರ ಅಂದಾಜು ಇರಲಿಲ್ಲ.

ಲ್ಯಾಪ್‌ಟಾಪ್ ಬ್ಯಾಗನ್ನು ಮೊದಲೇ ಹೊರಗೆ ಎಸೆದಿದ್ದೆ. ಅಂಗಿಯೊಳಗೆ, ಎದೆಗೆ ಒತ್ತಿಕೊಂಡು, ಒಂದು ಹಳೆಯ ಹಾರ್ಡ್ ಡಿಸ್ಕ್.

"ಒಳಗೇ ಇದಾನೆ! ಫ್ಯಾನ್ ತಿರುಗ್ತಾ ಇದೆ ನೋಡು!"

ಉಸಿರು ಬಿಗಿಹಿಡಿದೆ. ಜಾರಿದೆ. ದೊಪ್ಪನೆ ಹಿಂದಿನ ಗಲ್ಲಿಗೆ ಬಿದ್ದೆ. ಮಂಡಿ ತರಚಿತು, ಡಿಸ್ಕಿಗೆ ಏನೂ ಆಗಲಿಲ್ಲ. ಎದ್ದು ಕಾಲಿಗೆ ಬುದ್ಧಿ ಹೇಳಿದೆ!

ಬೆಳಗ್ಗೆ ಹನ್ನೊಂದು ಗಂಟೆ. ಹಾಡಹಗಲು!

ನೀವು ಕೇಳಿದ್ದು ಸಣ್ಣ ಕೆಲಸ, ಮೇಡಂ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಇರುವುದನ್ನೆಲ್ಲ ಈ ಚಿಕ್ಕ ಎಸ್‌ಎಸ್‌ಡಿ ಡಿಸ್ಕಿಗೆ ಇದ್ದ ಹಾಗೇ ಕ್ಲೋನ್ ಮಾಡಿಡಿ, ಸಂಜೆ ಬಂದು ತಗೊಂಡು ಹೋಗ್ತೀನಿ ಎಂದಿರಿ. ನಾನು ಕೂತ್ಕೊಳ್ಳಿ ಎಂದೆ. ಯಾಕೆ ಎಂದು ಮುಖ ಸಿಂಡರಿಸಿದಿರಿ. ಅದಕ್ಕೇ ಹೇಳುತ್ತಿದ್ದೇನೆ. ಕುರ್ಚಿ ಎಳೆದುಕೊಳ್ಳಿ.

ಅವತ್ತು ಅರ್ಧ ಗಂಟೆ ಮುಂಚೆ ನನ್ನ ಅಂಗಡಿಗೆ ಕನ್ನಡಕ ಬಂದಿದ್ದ. ಒಂದು ಕಾಲದಲ್ಲಿ ನನ್ನ ಪಾರ್ಟ್‌ನರ್. ಸೋಡಾ ಬಾಟಲಿ ತಳದಂಥ ಕನ್ನಡಕ ಹಾಕುತ್ತಾನೆ, ಅದಕ್ಕೇ ಆ ಹೆಸರು. ನನ್ನ ಹಾಗೇ ಡಿಸ್ಕ್ ರಿಪೇರಿ ಕೆಲಸ. ನಾನು ಹದಿನೆಂಟು ವರ್ಷ ಪೊಲೀಸ್ ಲ್ಯಾಬಿನಲ್ಲಿ ಕಳ್ಳರ ಕಂಪ್ಯೂಟರ್ ಬಿಚ್ಚಿ, ಆಮೇಲೆ ಈ ಅಂಗಡಿ ಹಾಕಿದವನು. ಸುಳ್ಳು ಹೇಳುವವನ ಮುಖ ನನಗೆ ಗೊತ್ತು. ಅವನ ಮುಖ ಅವತ್ತು ಸುಳ್ಳು ಹೇಳಿ ಹೇಳಿ ಸುಸ್ತಾದವನ ಮುಖ.

"ಅಣ್ಣಾ... ನಿನ್ ಕಾಲಿಗೆ ಬೀಳ್ತೀನಿ. ಬಯ್ಯಿ, ಹೊಡಿ. ಆದ್ರೆ ಮೊದಲು ಇದನ್ನ ತಗೋ."

ಟೇಬಲ್ಲಿನ ಮೇಲೆ ಒಂದು ಡಿಸ್ಕ್ ಇಟ್ಟ. ಅದರ ಮೇಲೆ ಬಿಳಿ ಟೇಪು. ಟೇಪಿನ ಮೇಲೆ ಅವನ ಅಕ್ಷರದಲ್ಲಿ ಒಂದು ತಾರೀಕು.

ನನ್ನ ತಂಗಿ ಸತ್ತ ಮಾರನೆಯ ದಿನ.

"ಏನಿದು?"

"ಪಾರ್ಕಿನ ಕಂಟ್ರೋಲ್ ರೂಮಿಂದು, ಅಣ್ಣಾ. ನಿಜವಾದ್ದು."

ಡಿಸ್ಕನ್ನು ಕೈಗೆತ್ತಿಕೊಂಡೆ.

ನನ್ನ ತಂಗಿ, ಅವಳ ಗಂಡ, ಇಬ್ಬರೂ ಒಂದೇ ಆಟದ ಪಾರ್ಕಿನಲ್ಲಿ ಕೆಲಸಕ್ಕಿದ್ದರು. ಅವನು ಜೈಂಟ್ ವೀಲಿನ ಮೆಕ್ಯಾನಿಕ್. ಅವಳು ಕಂಟ್ರೋಲ್ ರೂಮಿನಲ್ಲಿ. ಆ ಪಾರ್ಕಿನಲ್ಲಿ ಒಂದು ಪದ್ಧತಿ. ದಿನಾ ಗೇಟು ತೆಗೆಯುವ ಮುಂಚೆ ಒಬ್ಬರು ಖಾಲಿ ಚಕ್ರ ಹತ್ತಿ, ಕಣ್ಣು ಮುಚ್ಚಿ, ಒಂದೊಂದು ತೊಟ್ಟಿಲಿನ ಸದ್ದನ್ನೂ ಕೇಳುತ್ತಾ ಸುತ್ತು ಹಾಕಬೇಕು. ಕಿವಿ ಸುತ್ತು ಎನ್ನುತ್ತಿದ್ದರು. ತೊಟ್ಟಿಲು ಹಿಡಿದ ಪಿನ್ನು ಸವೆದರೆ ಕಣ್ಣಿಗಿಂತ ಮುಂಚೆ ಕಿವಿಗೆ ಗೊತ್ತಾಗುತ್ತದಂತೆ. ತಂಗಿಯದು ಬಲು ಚುರುಕು ಕಿವಿ! ಚಿಕ್ಕಂದಿನಲ್ಲಿ ನಾನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ತೆಗೆದರೆ ಬೀದಿಯಿಂದ ಕೂಗುತ್ತಿದ್ದಳು. ಹಾಗಾಗಿ ಕಿವಿ ಸುತ್ತು ಅವಳ ಪಾಲಿಗೇ ಬಂತು.

ಅವತ್ತು ಬೆಳಗ್ಗೆ ಅವಳು ಕೂತ ತೊಟ್ಟಿಲು ಮೇಲಿಂದ ಬಿತ್ತು.

ಓನರ್ ಹೇಳಿದ: ಮೇಲಿಂದ ಅವಳು ಕೂಗಿಕೊಂಡರೂ ಕೆಳಗೆ ಚಕ್ರ ಓಡಿಸುತ್ತಿದ್ದ ಗಂಡ ಬೇಕೆಂದೇ ನಿಲ್ಲಿಸಲಿಲ್ಲ. ಕೊಲೆ ಕೇಸು. ಪೊಲೀಸರಿಗೆ ಸಾಕ್ಷಿ ಬೇಕಿತ್ತು. ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದನ್ನು ಕಂಡವರು ಯಾರಾದರೂ ಇದ್ದಾರಾ?

ಇದ್ದರು.

ನಾನು.

ಕಟಕಟೆ ಹತ್ತಿ ಹೇಳಿದೆ: ಹೌದು ಸ್ವಾಮಿ, ಅವನು ಕೂಗಾಡುತ್ತಿದ್ದ. ನಾನು ಹೋಗುವಷ್ಟರಲ್ಲಿ ಬಾಗಿಲು ಬಡಿದು ಹೊರಗೆ ಹೋದ. ಅವನು ಅಂಥ ಕೆಲಸ ಮಾಡುವವನೇ.

ಅವನು ಒಂದು ಮಾತೂ ಆಡಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದ. ತಪ್ಪಿತಸ್ಥ, ಅದಕ್ಕೇ ಬಾಯಿಗೆ ಬೀಗ ಎಂದುಕೊಂಡೆ. ಹದಿನೆಂಟು ವರ್ಷ ಮುಖ ಓದಿದವನಂತೆ ನಾನು!

"ಕಂಟ್ರೋಲ್ ರೂಮಿನ ಕಂಪ್ಯೂಟರ್ ಪೊಲೀಸರ ಹತ್ರಾನೇ ಇದೆಯಲ್ಲೋ!" ಎಂದೆ.

"ಅದು ನಾನು ಮಾಡಿಕೊಟ್ಟ ಕ್ಲೋನು, ಅಣ್ಣಾ. ಈ ಡಿಸ್ಕು ಒಂದು ಟಿಬಿ, ಅಂದ್ರೆ ಸಾವಿರ ಜಿಬಿ. ಓನರ್ ಚಿಕ್ಕ ಎಸ್‌ಎಸ್‌ಡಿ ಕೈಗಿಟ್ಟು, ಹಳೇ ರೆಕಾರ್ಡಿಂಗ್ ಬಿಟ್ಬಿಡು, ಇದಕ್ಕೆ ಹಿಡಿಸಲ್ಲ ಅಂದ. ಹಿಡಿಸಲ್ಲ ಅನ್ನೋದು ನಿಜಾನೇ! ಯಾರು ಅನುಮಾನ ಪಡ್ತಾರೆ? ಹಳೇದನ್ನ ಒಡೆದು ಹಾಕು ಅಂದ. ಒಡೆದೆ ಅಂದೆ. ಒಡೀಲಿಲ್ಲ."

"ಯಾಕೆ?"

"ನೀನೇ ಕಲಿಸಿದ್ದಲ್ವಾ ಅಣ್ಣಾ? ಕ್ಲೋನ್ ಮಾಡಿದ ಮೇಲೆ ಹಳೇ ಡಿಸ್ಕನ್ನ ಮೂರು ತಿಂಗಳು ಎಸೀಬಾರದು ಅಂತ. ಕೈ ಬರಲಿಲ್ಲ. ಎಂಟು ತಿಂಗಳಿಂದ ಡ್ರಾಯರಲ್ಲಿತ್ತು. ನಿದ್ದೆ ಇಲ್ಲ. ಮೊನ್ನೆ ಕುಡಿದು ಯಾರ ಮುಂದೆಯೋ ಬಾಯಿಬಿಟ್ಟೆ... ಓನರಿಗೆ ಗೊತ್ತಾಗಿದೆ. ಬಿಳಿ ಶೂ ಹೊರಟಿದ್ದಾನೆ!"

ಬಿಳಿ ಶೂ ಓನರಿನ ಸೆಕ್ಯುರಿಟಿ. ಕೆಸರಲ್ಲಿ ನಡೆದರೂ ಅವನ ಶೂ ಬೆಳ್ಳಗೇ ಇರುತ್ತಿತ್ತು. ಕೊಳಕು ಕೆಲಸಕ್ಕೆ ಅವನಿಗೆ ಬೇರೆ ಜನ ಇದ್ದರು.

"ಇವತ್ತು ಮಧ್ಯಾಹ್ನ ಎರಡೂವರೆಗೆ ಕೇಸಿನ ಕೊನೇ ವಿಚಾರಣೆ, ಅಣ್ಣಾ."

"ನಂಗೊತ್ತು!"

ಕಪಾಳಕ್ಕೆ ಒಂದು ಬಿಟ್ಟೆ. ಕನ್ನಡಕ ಹಾರಿ ಬಿತ್ತು. ಎತ್ತಿ ಅವನ ಕೈಗೆ ಕೊಟ್ಟೆ.

"ಓಡು. ಕೋರ್ಟಿಗೆ ಬಂದು ಇದನ್ನೇ ಹೇಳು. ಬರದಿದ್ರೆ ನಾನೇ ಹುಡುಕ್ಕೊಂಡು ಬರ್ತೀನಿ."

ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿ ಒಂದು ನಿಮಿಷ ನೋಡಿದೆ. ಟಿಕ್... ಟಿಕ್... ಟಿಕ್. ಸಾಯುತ್ತಿರುವ ಡಿಸ್ಕಿನ ಸದ್ದು. ಇನ್ನೆಷ್ಟು ಹೊತ್ತು ಓಡುತ್ತದೋ ದೇವರಿಗೇ ಗೊತ್ತು. ಇದನ್ನು ಹಾಗೇ ಕೋರ್ಟಿಗೆ ಕೊಟ್ಟರೆ ಜಡ್ಜ್ ಮುಂದೆ ಕಣ್ಣು ಮುಚ್ಚಬಹುದು. ರೆಕಾರ್ಡಿಂಗ್ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಳ್ಳೋಣವೆಂದರೆ ಅವು ಆ ಪಾರ್ಕಿನ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವಂಥವು. ಒಂದು ಸೆಕೆಂಡ್ ತಿದ್ದಿದರೂ ತೆರೆಯುವುದೇ ಇಲ್ಲ. ಬೇಕಾದರೆ ಇಡೀ ಸಿಸ್ಟಮ್ಮೇ ಬೇಕು. ಅಂದರೆ ಕ್ಲೋನ್.

ಬೇರೆ ಡಿಸ್ಕ್ ತೆಗೆಯಲು ಬೀರುವಿನ ಕಡೆ ತಿರುಗಿದೆ. ಅಷ್ಟರಲ್ಲಿ ಶಟರಿನ ಮೇಲೆ ಮೊದಲ ಏಟು!

ಮಿಕ್ಕದ್ದು ಹೇಳಿದೆನಲ್ಲ. ಟಾಯ್ಲೆಟ್. ಕಿಟಕಿ. ಹೊಟ್ಟೆ.

ಗಲ್ಲಿಯ ತುದಿಗೆ ಬಂದು ಜೇಬು ತಡಕಿದೆ. ಒಂದೇ ಒಂದು ಎಸ್‌ಎಸ್‌ಡಿ ಇತ್ತು. ಬೆಳಗ್ಗೆ ಗಿರಾಕಿಗೆಂದು ತೆಗೆದು ಜೇಬಿಗೆ ಹಾಕಿಕೊಂಡಿದ್ದು. ಇನ್ನೂರ ನಲವತ್ತು ಜಿಬಿ ಎಂದು ಮೇಲೆ ಬರೆದಿರುತ್ತದೆ, ಒಳಗೆ ಸಿಗುವುದು ಇನ್ನೂರ ಇಪ್ಪತ್ಮೂರು. ಲ್ಯಾಪ್‌ಟಾಪಿನ ಸ್ವಂತ ಡಿಸ್ಕಿನಲ್ಲಿ ಇಪ್ಪತ್ತು ಜಿಬಿಯೂ ಖಾಲಿ ಇರಲಿಲ್ಲ.

ಓಡುತ್ತಲೇ ಲಾಯರಿಗೆ ಫೋನ್ ಮಾಡಿದೆ. ತಂಗಿ ಗಂಡನ ಲಾಯರ್. ಮಾತಿಗೊಂದು ಸಲ ಕೆಮ್ಮುವ ಮುದುಕ.

"ಯಾರು? ಓಹೋ... ನೀವಾ? ನನ್ನ ಕಕ್ಷಿದಾರನ ಕುತ್ತಿಗೆಗೆ ಹಗ್ಗ ಹೊಸೆದವರು?"

"ಬಯ್ಯೋದು ಆಮೇಲೆ ಬಯ್ಯಿರಿ ಸಾರ್. ಅವನು ಮಾಡಿಲ್ಲ. ಪುರಾವೆ ನನ್ನ ಅಂಗಿಯೊಳಗಿದೆ."

ಕೆಮ್ಮು ನಿಂತುಹೋಯಿತು!

"ಕೋರ್ಟ್ ಗೇಟಿಗೆ ಬರಬೇಡಿ. ಅವರ ಜನ ಬೆಳಗ್ಗೆಯಿಂದ ನಿಂತಿದ್ದಾರೆ. ಹಿಂದಿನ ಬೀದಿಯಲ್ಲಿ ಟೈಲರಮ್ಮ ಇದ್ದಾಳೆ. ನನ್ನ ಕರಿ ಕೋಟು ಅವಳ ಹತ್ರಾನೇ ಇದೆ, ಮಧ್ಯಾಹ್ನ ತಂದು ಕೊಡಬೇಕು. ಅಲ್ಲಿಗೆ ಹೋಗಿ."

ಟೈಲರಮ್ಮನ ಅಂಗಡಿ ಹತ್ತಡಿ ಅಗಲ. ಮುಂದೆ ಎರಡು ಮಷಿನು, ನಡುವೆ ಪರದೆ, ಪರದೆ ಹಿಂದೆ ಇಸ್ತ್ರಿ ಮೇಜು. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ.

"ಏನಪ್ಪಾ, ಪ್ಯಾಂಟು ಮಂಡೀಲಿ ಹರಿದಿದೆ. ಬಿಚ್ಚಿ ಕೊಡು, ರಫು ಹಾಕ್ತೀನಿ."

"ಪ್ಯಾಂಟಿರಲಿ ಅಮ್ಮಾ. ಪರದೆ ಹಿಂದೆ ಕೂರೋಕೆ ಜಾಗ ಕೊಡಿ. ಲಾಯರ್ ಕಳಿಸಿದ್ರು. ಗೂಂಡಾಗಳು ಬೆನ್ನು ಹತ್ತಿದ್ದಾರೆ."

ಪಿನ್ನನ್ನು ಬಾಯಿಂದ ತೆಗೆದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಚಕ್ರದ ಹುಡುಗೀ ಅಣ್ಣ ಅಲ್ವಾ ನೀನು? ಅವಳ ಯೂನಿಫಾರ್ಮು ನಾನೇ ಹೊಲಿದಿದ್ದು. ಒಳಗೆ ಹೋಗು. ಪ್ಲಗ್ಗು ಇಸ್ತ್ರಿ ಪೆಟ್ಟಿಗೆ ಹತ್ರ ಇದೆ."

ಹನ್ನೊಂದೂ ನಲವತ್ತು. ಎರಡೂ ಡಿಸ್ಕುಗಳನ್ನು ಹಚ್ಚಿದೆ. ಕ್ಲೋನ್ ಒತ್ತಿದೆ.

ಆಗಲ್ಲ ಎಂದಿತು. ಜಾಗ ಸಾಲದು.

ನೋಡಿ ಮೇಡಂ, ದೊಡ್ಡ ಡಿಸ್ಕನ್ನು ಚಿಕ್ಕದಕ್ಕೆ ಕ್ಲೋನ್ ಮಾಡಬಹುದು. ಖಾಲಿ ಜಾಗವನ್ನು ಹೊತ್ತುಕೊಂಡು ಹೋಗಬೇಕಾಗಿಲ್ಲ. ಆದರೆ ಒಳಗೆ ತುಂಬಿರುವುದು ಚಿಕ್ಕದರ ಅಳತೆಗಿಂತ ಕಡಿಮೆ ಇರಬೇಕು. ಇಲ್ಲವಾದರೆ ಮೊದಲು ಏನಾದರೂ ಅಳಿಸಬೇಕು. ಇಷ್ಟೇ ವಿದ್ಯೆ.

ಲೆಕ್ಕ ಹಾಕಿದೆ. ಸಿಸ್ಟಮ್ಮು, ಸಾಫ್ಟ್‌ವೇರು, ರೆಕಾರ್ಡಿಂಗು ಎಲ್ಲಾ ಸೇರಿ ಇನ್ನೂರ ಹದಿನೇಳು. ಹಿಡಿಸುತ್ತದೆ! ಮತ್ತೆ ಜಾಗ ತಿನ್ನುತ್ತಿರುವುದು ಯಾರು?

ಒಂದೇ ಫೈಲು. ನೂರ ತೊಂಬತ್ತಾರು ಜಿಬಿ. ಹೆಸರು: ನಮ್ಮನೆ.

ತಂಗಿಯದೇ.

ತಂಗಿಯ ಫೋನು ಯಾವಾಗಲೂ ತುಂಬಿರುತ್ತಿತ್ತು. ಮಗಳು ತೊದಲಿದರೆ ವಿಡಿಯೋ, ಬಿದ್ದರೆ ವಿಡಿಯೋ, ಹಲ್ಲು ಅಲುಗಾಡಿದರೆ ವಿಡಿಯೋ! ಸಾಯುವ ಎರಡು ವರ್ಷ ಮುಂಚೆ ನನ್ನನ್ನು ಪೀಡಿಸಿದ್ದಳು.

"ಅಣ್ಣಾ, ಊರಿನವರ ಡಿಸ್ಕೆಲ್ಲ ಉಳಿಸ್ತೀಯ. ನಂಗೊಂದು ಡಿಸ್ಕು ಕೊಡೋ!"

"ಭಾನುವಾರ ಕೊಡ್ತೀನಿ."

"ಯಾವ ಭಾನುವಾರ? ಅಲ್ಲೀತನಕ ಎಲ್ಲಾನೂ ಆಫೀಸ್ ಕಂಪ್ಯೂಟರಿಗೇ ಸುರೀತೀನಿ ನೋಡು. ಓನರ್ ಬೈದ್ರೆ ನಿನ್ ಹೆಸರು ಹೇಳ್ತೀನಿ."

ನೂರಕ್ಕೂ ಹೆಚ್ಚು ಭಾನುವಾರ ಬಂದು ಹೋದವು. ನಾನು ಕೊಡಲಿಲ್ಲ. ಡಿಸ್ಕ್ ಮಾರುವ ಅಂಗಡಿ ನನ್ನದು! ಬಂದವರಿಗೆಲ್ಲ ಬ್ಯಾಕಪ್ ಮಾಡಿ, ಬ್ಯಾಕಪ್ ಮಾಡಿ ಎಂದು ಬುದ್ಧಿ ಹೇಳಿದವನು ನಾನು!

ಫೋನು ಅವಳ ಜೊತೆಗೇ ಬಿದ್ದು ಪುಡಿಯಾಯಿತು. ಗಂಡನದು ಬಟನ್ ಫೋನು. ನನ್ನ ಫೋನಿನಲ್ಲಿ ಮೂರು ಫೋಟೋ, ಒಂದು ಮಾತೂ ಇಲ್ಲ. ಅವಳ ಆರು ವರ್ಷದ ಮಗಳು ಈಗ ನನ್ನ ಮನೆಯಲ್ಲಿದ್ದಾಳೆ. ಗುಬ್ಬಿ ಎನ್ನುತ್ತೇವೆ. ಆ ವಾರವಷ್ಟೇ ನನ್ನ ಮೇಲೆ ಹತ್ತಿ ಕೂತು ಕೇಳಿದ್ದಳು.

"ಮಾಮಾ, ಅಮ್ಮನ ವಾಯ್ಸ್ ಹೆಂಗಿತ್ತು? ನಂಗೆ ಮರೆತು ಹೋಗ್ತಾ ಇದೆ."

ಹೊರಗೆ ಹೋಗಿ ಸ್ಕೂಟರ್ ಒರೆಸುತ್ತಾ ನಿಂತುಬಿಟ್ಟೆ.

ಈಗ ಆ ದನಿ ಮುಂದೆಯೇ ಇತ್ತು. ಒಂದೇ ಫೈಲಿನಲ್ಲಿ ಕಟ್ಟಿದ ಗಂಟು. ಅರ್ಧ ಇಟ್ಟುಕೊಂಡು ಅರ್ಧ ಬಿಡಲು ಬರುವುದಿಲ್ಲ. ತೆರೆಯಲು ನೋಡಿದೆ. ಡಿಸ್ಕ್ ಕಟಕಟ ಎಂದು ನಿಂತೇಹೋಯಿತು! ವೈರು ಕಿತ್ತು, ಮತ್ತೆ ಹಚ್ಚಿ, ಎರಡು ನಿಮಿಷ ಕಾದ ಮೇಲೆ ಉಸಿರಾಡಿತು.

ಅಂದರೆ... ಒಂದೇ ಓಟಕ್ಕೆ ಸಮಯ. ಗಂಡನನ್ನು ಉಳಿಸಬೇಕೋ, ಹೆಂಡತಿಯನ್ನೋ?

"ಟೈಲರಮ್ಮಾ," ಎಂದೆ. "ಬಟ್ಟೆ ಸಾಲದೇ ಇದ್ರೆ ಏನು ಮಾಡ್ತೀರಿ?"

"ಯಾರು ಹಾಕ್ಕೊಳ್ಳೋರು ಅಂತ ಕೇಳ್ತೀನಿ," ಎಂದಳು ಮಷಿನ್ ತುಳಿಯುತ್ತಲೇ. "ಬದುಕಿರೋರ ಅಳತೆಗೆ ಕತ್ತರಿಸ್ತೀನಿ. ಇನ್ನೇನು ಮಾಡೋದು?"

ಆ ಫೈಲಿನ ಮೇಲೆ ಬೆರಳಿಟ್ಟೆ.

ಡಿಲೀಟ್.

ಖಚಿತವಾ ಎಂದು ಕೇಳಿತು. ಕಂಪ್ಯೂಟರುಗಳಿಗೆ ಕರುಣೆ ಇಲ್ಲ, ಎರಡೆರಡು ಸಲ ಕೇಳುತ್ತವೆ.

ಒತ್ತಿದೆ.

ಆದರೆ ನನ್ನ ಹತ್ತಿರ ಒಂದು ಆಸೆ ಇತ್ತು ಮೇಡಂ. ಕಸುಬಿನ ಆಸೆ. ಡಿಲೀಟ್ ಮಾಡಿದ್ದು ತಕ್ಷಣ ಅಳಿಯುವುದಿಲ್ಲ. ಹೆಸರು ಮಾತ್ರ ಹೋಗುತ್ತದೆ, ಸರಕು ಹಳೆಯ ಡಿಸ್ಕಿನಲ್ಲೇ ಕೂತಿರುತ್ತದೆ. ಚಿಕ್ಕದಕ್ಕೆ ಹೋಗುವುದಿಲ್ಲ ಅಷ್ಟೇ. ಸಂಜೆ ನಿಧಾನವಾಗಿ ಎತ್ತುತ್ತೇನೆ. ಒಂದು ವಾರ ಹಿಡಿಯಲಿ, ಒಂದು ತಿಂಗಳು ಹಿಡಿಯಲಿ, ಎತ್ತುತ್ತೇನೆ. ಹದಿನೆಂಟು ವರ್ಷ ಮಾಡಿದ್ದು ಇನ್ನೇನು?

ಸ್ವಲ್ಪ ತಾಳು ತಂಗೀ, ಎಂದೆ. ಬಾಯಿಬಿಟ್ಟೇ ಎಂದೆ.

ಕ್ಲೋನ್ ಶುರುವಾಯಿತು. ಹನ್ನೆರಡಕ್ಕೆ ಹತ್ತು ನಿಮಿಷ.

ಹದಿನೈದು ಪರ್ಸೆಂಟ್. ಮೂವತ್ತು. ನಡುನಡುವೆ ಟಿಕ್ ಟಿಕ್ ಎಂದು ತಡೆದು ನಿಲ್ಲುವುದು. ನಾನು ಡಿಸ್ಕಿನ ಮೇಲೆ ಒದ್ದೆ ಬಟ್ಟೆಯ ಗಾಳಿ ಬೀಸುವುದು, ಜ್ವರ ಬಂದ ಮಗುವಿಗೆ ಬೀಸಿದ ಹಾಗೆ. ಮತ್ತೆ ಓಟ.

ಅರವತ್ತೆರಡರಲ್ಲಿ ಫೋನ್ ಅದುರಿತು. ಅನ್‌ನೋನ್ ನಂಬರ್.

"ಎಲ್ಲಿದ್ದೀಯ ಅಣ್ಣಾ?" ಬಿಳಿ ಶೂ! ದನಿಯಲ್ಲಿ ಬೆಣ್ಣೆ. "ನಿನ್ ಅಂಗಡೀಲಿದ್ದ ಡಿಸ್ಕೆಲ್ಲ ಗೋಣಿಚೀಲಕ್ಕೆ ತುಂಬಿಸಿಯಾಯ್ತು. ನಂಗೆ ಬೇಕಾದ್ದು ಸಿಗಲಿಲ್ಲ. ಆ ಮಗು ಸ್ಕೂಲು ಮೂರು ಗಂಟೆಗೆ ಬಿಡುತ್ತಲ್ವಾ?"

"ಮಗು ಹೆಸರೆತ್ತಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ!"

"ಹಿಂದುಗಡೆ ಮಷಿನ್ ಸದ್ದು ಬರ್ತಿದೆ... ಟೈಲರ್ ಅಂಗಡೀನಾ?"

ಕಟ್ ಮಾಡಿದೆ. ಮೂರ್ಖ! ಫೋನ್ ಎತ್ತಲೇಬಾರದಿತ್ತು.

ಗುಬ್ಬಿಯ ಟೀಚರಿಗೆ ಫೋನ್ ಮಾಡಿದೆ. ನಾನು ಬರುವವರೆಗೆ ಯಾರ ಜೊತೆಗೂ ಕಳಿಸಬೇಡಿ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ ಎಂದೆ. ಕೋರ್ಟಿನ ಸುತ್ತ ಹನ್ನೊಂದು ಟೈಲರ್ ಅಂಗಡಿ ಇವೆ ಎಂದು ಟೈಲರಮ್ಮ ಎಣಿಸಿ ಹೇಳಿದಳು. ಒಂದೊಂದಾಗಿ ಹುಡುಕಿಕೊಂಡು ಬರುತ್ತಾರೆ.

ಎಂಬತ್ತು.

ತೊಂಬತ್ತು. ಬೀದಿಯ ಆ ತುದಿಯಲ್ಲಿ ಗಲಾಟೆ. ಯಾರದೋ ಅಂಗಡಿಯ ಸ್ಟೂಲು ಬಿದ್ದ ಸದ್ದು.

ತೊಂಬತ್ತೇಳು...

ನೂರು!

ಎಸ್‌ಎಸ್‌ಡಿಯಿಂದ ಲ್ಯಾಪ್‌ಟಾಪ್ ಚಾಲೂ ಮಾಡಿದೆ. ಪಾರ್ಕಿನ ಸ್ಕ್ರೀನ್ ಬಂತು. ಆ ತಾರೀಕು ಇತ್ತು. ಕೇಳಲಿಲ್ಲ, ಸಮಯ ಇರಲಿಲ್ಲ. ಧೈರ್ಯವೂ ಇರಲಿಲ್ಲ. ಕಿತ್ತು ಟೈಲರಮ್ಮನ ಕೈಗಿಟ್ಟೆ. ಬೆಂಕಿಪೊಟ್ಟಣಕ್ಕಿಂತ ತೆಳು, ಅಂಗೈಯಷ್ಟು ಅಗಲ.

"ಕೋಟಿನ ಒಳಗೆ..."

"ನಂಗೆ ಹೊಲಿಗೆ ಹೇಳ್ಕೊಡಬೇಡ," ಎಂದಳು. ಲಾಯರ್ ಕೋಟಿನ ಲೈನಿಂಗ್ ಬಿಚ್ಚಿದಳು, ಒಳಗೆ ತೂರಿಸಿದಳು, ಟಕಟಕಟಕ ಹೊಲಿದಳು. ಎರಡು ನಿಮಿಷ! ಹ್ಯಾಂಗರಿಗೆ ಹಾಕಿ, ಮೇಲೆ ಕವರ್ ಎಳೆದು, ಚಪ್ಪಲಿ ಮೆಟ್ಟಿದಳು.

ಬಾಗಿಲಲ್ಲೇ ಬಿಳಿ ಶೂ ಎದುರಾದ. ಪರದೆಯ ಕೆಳಗೆ ಆ ಶೂ ಕಂಡಿತು. ಜೊತೆಗೆ ಇನ್ನೆರಡು ಜೊತೆ ಕೊಳಕು ಶೂ.

"ಎಲ್ಲಿಗೆ ಅಜ್ಜೀ?"

"ಯಾವನೋ ಅಜ್ಜೀ ಅನ್ನೋನು? ಲಾಯರಿಗೆ ಕೋಟು ಕೊಡಬೇಕು, ತಡವಾದ್ರೆ ಕೆಮ್ಮಿ ಕೆಮ್ಮಿ ಪ್ರಾಣ ತಿಂತಾರೆ. ದಾರಿ ಬಿಡು. ಮುಟ್ಟಬೇಡ, ಇಸ್ತ್ರಿ ಹೋಗುತ್ತೆ!"

ಬಿಟ್ಟ! ಪಕ್ಕಕ್ಕೆ ಸರಿದು ದಾರಿ ಬಿಟ್ಟ!

ನಾನು ಹಳೆಯ ಡಿಸ್ಕನ್ನು ಅಂಗಿಯೊಳಗೆ ತುರುಕಿಕೊಂಡು ಹಿಂಬಾಗಿಲಿಗೆ ಜಿಗಿದೆ. ಅಲ್ಲೂ ಒಬ್ಬ ನಿಂತಿದ್ದ. ಹೊಟ್ಟೆಗೆ ಗುದ್ದಿದ. ನಾನೂ ಗುದ್ದಿದೆ, ಅವನ ಮೂಗು ಒಡೆಯಿತು. ಮೂರು ಜನ ಸೇರಿ ನನ್ನನ್ನು ನೆಲಕ್ಕೆ ಕೆಡವಿದರು. ಅಂಗಿ ಹರಿಯಿತು. ಡಿಸ್ಕ್ ನೆಲದ ಮೇಲೆ ಜಾರಿ ಬಿಳಿ ಶೂ ಹತ್ತಿರ ಹೋಗಿ ನಿಂತಿತು.

ಎತ್ತಿದ. ಟೇಪಿನ ಮೇಲಿನ ತಾರೀಕು ಓದಿದ.

"ಇದೇ. ಕಾಪಿ ಮಾಡಿದ್ದೀಯಾ?"

"ಯಾವುದಕ್ಕೆ ಮಾಡ್ಲಿ? ನನ್ನ ಡಿಸ್ಕೆಲ್ಲ ನೀನೇ ಗೋಣಿಚೀಲಕ್ಕೆ ತುಂಬಿದೆಯಲ್ಲ!"

ಯೋಚನೆ ಮಾಡಿದ. ಲ್ಯಾಪ್‌ಟಾಪ್ ನೋಡಿದ. ನನ್ನ ಜೇಬೆಲ್ಲ ತಡಕಿಸಿದ. ಏನೂ ಇಲ್ಲ. ಆಮೇಲೆ ಡಿಸ್ಕನ್ನು ಮೇಜಿನ ಮೇಲಿಟ್ಟು ಟೈಲರಮ್ಮನ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡ. ಹಳೆಯ ಕಾಲದ ಕಬ್ಬಿಣದ್ದು, ಎಂಟು ಕಿಲೋ.

"ಬೇಡ," ಎಂದೆ.

ನೋಡಿ ಮೇಡಂ, ಒಂದೇ ಮಾತು ಸಾಕಿತ್ತು. ಒಡೆದು ಪ್ರಯೋಜನ ಇಲ್ಲ, ಕಾಪಿ ಆಗಲೇ ಹೋಗಿಯಾಯಿತು ಎನ್ನಬಹುದಿತ್ತು. ಡಿಸ್ಕ್ ಉಳಿಯುತ್ತಿತ್ತೋ ಏನೋ. ಆದರೆ ಅವನು ಕೋಟಿನ ಹಿಂದೆ ಓಡುತ್ತಿದ್ದ. ಟೈಲರಮ್ಮ ಆಗ ಬೀದಿಯ ತಿರುವನ್ನೂ ದಾಟಿರಲಿಲ್ಲ.

ಆ ಮಾತನ್ನು ನುಂಗಿದೆ. ಬೇರೆ ಎಲ್ಲಾ ಮಾತೂ ಆಡಿದೆ.

"ಬೇಡಪ್ಪಾ... ನಿನ್ ಕಾಲಿಗೆ ಬೀಳ್ತೀನಿ! ಅದರಲ್ಲಿ ನನ್ ತಂಗಿ ಇದಾಳೆ. ಅವಳ ಮಗು ಅಮ್ಮನ ದನಿ ಕೇಳ್ತಾ ಇದೆ ಕಣೋ! ಬೇಕಾದ್ರೆ ನನ್ ಕೈ ಮುರಿ. ಅದನ್ನ ಬಿಡು!"

ನಾನು ಯಾರ ಮುಂದೆಯೂ ಅತ್ತವನಲ್ಲ. ತಂಗಿಯನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಅವತ್ತು ನೆಲಕ್ಕೆ ಮುಖ ಒತ್ತಿಕೊಂಡು ಮಗುವಿನ ಹಾಗೆ ಅತ್ತೆ. ಒಂದು ಹನಿಯೂ ನಾಟಕ ಅಲ್ಲ.

ಬಿಳಿ ಶೂ ಕಾಯುತ್ತಾ ನನ್ನನ್ನೇ ನೋಡಿದ. ಆಮೇಲೆ ನಕ್ಕ.

"ಕಾಪಿ ಇಲ್ಲ ಕಣ್ರೋ. ಕಾಪಿ ಇಟ್ಕೊಂಡೋನು ಹಿಂಗೆ ಅಳಲ್ಲ."

ಪೆಟ್ಟಿಗೆ ಮೇಲೆತ್ತಿದ.

ಈ ಸಣ್ಣ ಡಿಸ್ಕುಗಳ ಒಳಗಿನ ತಟ್ಟೆ ಗಾಜಿನದು. ಒಂದೇ ಏಟಿಗೆ ಪುಡಿಪುಡಿ. ಎತ್ತಿ ಅಲುಗಾಡಿಸಿ ನನಗೆ ಕೇಳಿಸಿದ. ಒಳಗೆ ಗಾಜಿನ ಚೂರುಗಳ ಸದ್ದು ಬಂತು. ನನ್ನ ಮುಂದೆ ಎಸೆದು ಹೋದ.

ಎಷ್ಟೋ ಜನರಿಗೆ ನಾನು ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದೇನೆ: ತಟ್ಟೆ ಒಡೆದರೆ ಬ್ರಹ್ಮ ಬಂದರೂ ಆಗಲ್ಲ. ಅವತ್ತು ನನಗೆ ನಾನೇ ಹೇಳಿಕೊಂಡೆ. ಆದರೂ ಚೂರುಗಳನ್ನು ಆರಿಸಿ ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಎರಡೂವರೆಗೆ ಕೋರ್ಟಿನಲ್ಲಿದ್ದೆ. ಹರಿದ ಅಂಗಿ, ಹರಿದ ಪ್ಯಾಂಟು. ಓನರ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕೆಮ್ಮುವ ಲಾಯರ್ ಎದ್ದು ನಿಂತು, ಕತ್ತರಿ ಕೇಳಿ, ತನ್ನ ಕೋಟನ್ನು ತಾನೇ ಕತ್ತರಿಸಿಕೊಂಡರು! ಕೋರ್ಟಿನ ಕಂಪ್ಯೂಟರಿನವನು ಎಸ್‌ಎಸ್‌ಡಿ ಹಚ್ಚಿದ. ಕನ್ನಡಕ ಬಂದಿದ್ದ. ಎಲ್ಲಾ ಹೇಳಿದ. ಓನರಿನ ಲಾಯರ್ ಮೇಜು ಗುದ್ದಿ ಕೂಗಾಡಿದ. ಜಡ್ಜ್ ಕೈಯೆತ್ತಿ ಸುಮ್ಮನಿರಿಸಿ, ಮೊದಲು ಕೇಳೋಣ ಎಂದರು.

ಆಮೇಲೆ... ನನ್ನ ತಂಗಿ ಮಾತಾಡಿದಳು.

ಆ ಕಂಪ್ಯೂಟರ್ ಪ್ರತಿ ಬಟನ್ನನ್ನೂ ವಾಕಿಟಾಕಿಯ ಪ್ರತಿ ಮಾತನ್ನೂ ಹಿಡಿದಿಟ್ಟಿತ್ತು.

"ಕೇಳಿಸ್ತಿದ್ಯಾ? ಕೆಳಗಿಂದ ಮುಖ ಗಂಟು ಹಾಕ್ಕೋಬೇಡಿ, ಇಲ್ಲೀತನಕ ಕಾಣ್ಸುತ್ತೆ. 'ಹತ್ತಬೇಡ, ಆ ಪಿನ್ನು ಹಳೇದು' ಅಂತ ನಿನ್ನೆಯೆಲ್ಲ ಕೂಗಾಡಿದ್ರಲ್ಲ? ಸರಿ. ಇವತ್ತೊಂದಿನ. ನಾಳೆಯಿಂದ ಹತ್ತಲ್ಲ."

"ಹೂಂ." ಅವನ ದನಿ.

ನಾನು ಕಂಡ ಜಗಳ ಅದೇ. ನಾನು ಸಾಕ್ಷಿ ಹೇಳಿದ್ದು ಅದಕ್ಕೇ.

"ಗುಬ್ಬಿ ಶೂ ಲೇಸ್ ಬಿಚ್ಕೊಂಡೇ ಸ್ಕೂಲಿಗೆ ಹೋದ್ಲು. ಸಾಯಂಕಾಲ ಕಟ್ಟೋದು ಹೇಳ್ಕೊಡಿ. ನಂಗೆ ತಾಳ್ಮೆ ಇಲ್ಲಪ್ಪ!" ನಗು. ಆಮೇಲೆ ಒಂದು ನಿಮಿಷ ಬರೀ ಗಾಳಿ. ಆಮೇಲೆ, "ನಿಲ್ಸಿ! ನನ್ ತೊಟ್ಟಿಲಿನ ಪಿನ್ನು ಸದ್ದು ಬೇರೆ ಇದೆ. ನಿಲ್ಸಿ!"

ಒಂಬತ್ತು ಗಂಟೆ ಹದಿನಾಲ್ಕು ನಿಮಿಷ ಆರು ಸೆಕೆಂಡ್: ಕೆಳಗಿನಿಂದ ಸ್ಟಾಪ್. ಒಂಬತ್ತನೇ ಸೆಕೆಂಡ್: ಕಂಟ್ರೋಲ್ ರೂಮಿನಿಂದ, ಓನರ್ ಕೀಲಿ ಹಾಕಿ, ಸ್ಟಾರ್ಟ್.

"ಯಾವನೋ ನಿಲ್ಸಿದ್ದು? ಗೇಟಲ್ಲಿ ನಾಲ್ಕು ಸ್ಕೂಲ್ ಬಸ್ ನಿಂತಿದೆ! ಓಡ್ಸು!"

"ಬೇಡ ಸಾರ್! ಅವಳು ಮೇಲಿದ್ದಾಳೆ ಸಾರ್! ಸಾರ್!"

ಸ್ಟಾಪ್. ಸ್ಟಾರ್ಟ್. ಸ್ಟಾಪ್. ಸ್ಟಾರ್ಟ್. ನಾಲ್ಕು ಸಲ ಅವನು ನಿಲ್ಲಿಸಿದ. ನಾಲ್ಕು ಸಲವೂ ಓನರ್ ಓಡಿಸಿದ.

ಮಿಕ್ಕದ್ದನ್ನು ಜಡ್ಜ್ ಕೇಳಲಿಲ್ಲ. ಸಾಕು, ನಿಲ್ಲಿಸಿ ಎಂದರು. ಈ ಸಲ ನಿಂತಿತು. ಓನರ್ ಬಾಗಿಲಿನ ಕಡೆ ಹೆಜ್ಜೆ ಹಾಕಿದ್ದ. ಇಬ್ಬರು ಪೇದೆಗಳು ಅಡ್ಡ ನಿಂತರು.

ತಂಗಿ ಗಂಡ ಬಿಡುಗಡೆಯಾದ ದಿನ ಜೈಲಿನ ಗೇಟಿಗೆ ನಾನೇ ಹೋದೆ. ಹೊಡೆಯಲಿ ಎಂದುಕೊಂಡಿದ್ದೆ. ಉಗಿಯಲಿ. ಅವನು ಪ್ಲಾಸ್ಟಿಕ್ ಚೀಲ ಹಿಡಿದು ಬಂದು ಎದುರಿಗೆ ನಿಂತ.

"ಭಾವಾ... ಗುಬ್ಬಿ ಲೇಸ್ ಕಟ್ಟೋಕೆ ಕಲ್ತಳಾ?"

"ಇಲ್ಲ. ನಾನು ಅಂಟಿಸೋ ಶೂ ಕೊಡಿಸಿಬಿಟ್ಟೆ."

ತಲೆಯಾಡಿಸಿದ. ಸ್ಕೂಟರಿನವರೆಗೂ ನಡೆದ. ಅಲ್ಲಿ ಕೇಳಿದ.

"ಆ ಕಂಪ್ಯೂಟರಲ್ಲಿ ನಮ್ಮನೆ ಅಂತ ಒಂದು ಇತ್ತಲ್ವಾ, ಭಾವಾ?"

ಇರಲಿಲ್ಲ ಎನ್ನಬಹುದಿತ್ತು. ಒಂದು ಸಲ ಅವನ ವಿಷಯದಲ್ಲಿ ತಪ್ಪು ಸಾಕ್ಷಿ ಹೇಳಿದ್ದೆ. ಎರಡನೇ ಸಲ ಬಾಯಿ ಬರಲಿಲ್ಲ.

"ಇತ್ತು. ಹಿಡಿಸಲಿಲ್ಲ. ನಾನೇ ಬಿಟ್ಟೆ."

ಸ್ಕೂಟರಿನ ಸೀಟು ಹಿಡಿದುಕೊಂಡ.

"ನನ್ನನ್ನ ಬಿಟ್ಟು ಅವಳನ್ನ ಹಾಕ್ಕೋಬೇಕಿತ್ತು, ಭಾವಾ."

ನಾನು ಸ್ಕೂಟರಿಗೆ ಕಿಕ್ ಹೊಡೆದೆ.

ಗುಬ್ಬಿಗೆ ಕೊಡಲು ನನಗೆ ಸಿಕ್ಕಿದ್ದು ಹನ್ನೊಂದು ಸೆಕೆಂಡ್. ರೆಕಾರ್ಡಿಂಗ್ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಲಾಯರ್ ಆಫೀಸಿನಲ್ಲಿ ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಶೂ ಲೇಸಿನ ಮಾತು. ಆ ನಗು. ಗಾಳಿ ಶುರುವಾಗುವ ಮುಂಚೆಯೇ ನಿಲ್ಲಿಸಿದೆ. ಮಗು ದಿನಾ ಬೆಳಗ್ಗೆ ಅದನ್ನು ಹಾಕಿ ಕೇಳುತ್ತದೆ. ಅಪ್ಪ ಪಕ್ಕದಲ್ಲಿ ಮಂಡಿಯೂರಿ ಕೂತಿರುತ್ತಾನೆ. ಈಗ ಲೇಸಿನ ಶೂ. ಮೊನ್ನೆ ಒಂದು ಗಂಟು ಸರಿಯಾಗಿ ಬಿತ್ತು.

"ಮಾಮಾ, ಆಮೇಲೆ ಅಮ್ಮ ಏನಂದ್ಲು?" ಎಂದಳು.

"ಅಷ್ಟೇ ಪುಟ್ಟಾ. ಅಷ್ಟೇ ಹಿಡಿಸಿದ್ದು."

ಅದಕ್ಕೇ ಮೇಡಂ, ಈ ಕೆಲಸವನ್ನು ನಾನು ಒಬ್ಬನೇ ಕೂತು ಮಾಡುವುದಿಲ್ಲ. ಡಿಸ್ಕಿನವರು ಪಕ್ಕದಲ್ಲಿರಬೇಕು. ನಿಮ್ಮದರಲ್ಲಿ ನಾನೂರು ಜಿಬಿ ತುಂಬಿದೆ, ನೀವು ತಂದಿರುವುದು ಇನ್ನೂರ ನಲವತ್ತು. ಅಳಬೇಡಿ, ನೀರು ಕುಡಿಯಿರಿ.

ಈಗ ಹೇಳಿ... ಏನು ಬಿಡಲಿ?